ಪಟ್ಟದ ಗೊಂಬೆಯ ಪಕ್ಕದಲ್ಲಿ ಹೀ-ಮ್ಯಾನ್: ಸೂಲೂರು ಸೀಮೆಯ ಕನ್ನಡ ಮನೆಗಳ ಗೊಂಬೆ ಸಂಗ್ರಹ

1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿಯು ಗಂಡುಮಕ್ಕಳಿಗೆಂದು ಸುಮಾರು 12 ಅಂಗುಲ ಎತ್ತರದ ಸೈನಿಕನೊಬ್ಬನ ಪ್ರತಿಕೃತಿಯನ್ನು ಮಾರುಕಟ್ಟೆಗೆ ತಂದಿತು. ಜಿ.ಐ. ಜೋ ಎಂಬುದು ಅದರ ಹೆಸರು. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲವೂ ಬಾಗುವಂತೆ 21 ಚಲಿಸುವ ಭಾಗಗಳು ಅದಕ್ಕಿದ್ದವು. ಬಟ್ಟೆಯನ್ನು ಬದಲಿಸಬಹುದಿತ್ತು, ಕೈಗೆ ಆಯುಧವನ್ನು ಕೊಡಬಹುದಿತ್ತು. ಹೀಗಿದ್ದರೂ ಅದನ್ನು 'ಡಾಲ್' ಎಂದು ಯಾರೂ ಕರೆಯಕೂಡದೆಂದು ಕಂಪನಿಯವರು ಪಟ್ಟುಹಿಡಿದರು. ಐದು ವರ್ಷಗಳ ಹಿಂದೆಯಷ್ಟೇ ಬಂದಿದ್ದ ಬಾರ್ಬಿಯ ಯಶಸ್ಸು ಅವರ ಕಣ್ಣಮುಂದಿತ್ತು. ಆದರೆ 'ಡಾಲ್' ಎಂದರೆ ಹೆಣ್ಣುಮಕ್ಕಳದು, ಯಾವ ತಂದೆಯೂ ತನ್ನ ಮಗನಿಗೆ ಅದನ್ನು ಕೊಡಿಸಲಾರನೆಂಬ ಅಂಜಿಕೆಯೂ ಇತ್ತು. ಆಗ ಹುಟ್ಟಿದ ಪದವೇ 'ಆಕ್ಷನ್ ಫಿಗರ್'. ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್, ಐರನ್‌ಮ್ಯಾನ್ ಮೊದಲಾದ ಸೂಪರ್‌ಹೀರೋಗಳ ಪ್ರತಿಕೃತಿಗಳನ್ನು ಇಂದು ಜಗತ್ತಿನಾದ್ಯಂತ ಸಂಗ್ರಹಿಸುವವರು ಬಳಸುವುದು ಈ ಪದವನ್ನೇ.

ಕನ್ನಡಕ್ಕೆ ಇಂಥ ಹೊಸ ಪದದ ಅಗತ್ಯ ಬೀಳಲಿಲ್ಲ. ನಮ್ಮಲ್ಲಿ ಮದುಮಗಳೂ ಗೊಂಬೆ, ಭೀಮಸೇನನೂ ಗೊಂಬೆ. ಸೂತ್ರಕ್ಕೆ ಕುಣಿಯುವ ರಾವಣನೂ ಗೊಂಬೆ, ಚರ್ಮದಲ್ಲಿ ಕೊರೆದ ಹನುಮಂತನೂ ಗೊಂಬೆ. ತಮಿಳಿನ 'ಬೊಮ್ಮೈ', ತೆಲುಗಿನ 'ಬೊಮ್ಮ', ನಮ್ಮ 'ಬೊಂಬೆ' ಒಂದೇ ಕುಲದ ಮಾತುಗಳು. ಅವು ಗಂಡು ಹೆಣ್ಣೆಂಬ ಭೇದವನ್ನು ಎಣಿಸಿದಂತೆ ಕಾಣುವುದಿಲ್ಲ. ಸೂಲೂರು ಸೀಮೆಯ ಕನ್ನಡ ಮನೆಗಳಲ್ಲಿ ಹೀ-ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ದಸರೆಯ ಮೆಟ್ಟಿಲುಗಳನ್ನು ಅಷ್ಟು ಸಲೀಸಾಗಿ ಏರಿದ್ದಕ್ಕೆ ಈ ಒಂದು ಪದದ ಔದಾರ್ಯವೂ ಕಾರಣವೆಂದು ನಾವು ಭಾವಿಸುತ್ತೇವೆ. ನಮ್ಮ ಹುಡುಗರು ಇಂದು ಹೊಸ ಹವ್ಯಾಸವೆಂದು ತಿಳಿದು ಮಾಡುತ್ತಿರುವ ಕೆಲಸ, ಅಂದರೆ ವೀರರ ಪ್ರತಿಕೃತಿಗಳನ್ನು ಕೂಡಿಡುವುದು, ಮುರಿದುದನ್ನು ಸರಿಪಡಿಸುವುದು, ಬಣ್ಣ ಬದಲಿಸುವುದು, ಬಟ್ಟೆ ಹೊಲಿದು ತೊಡಿಸುವುದು, ನಮ್ಮ ಅಜ್ಜಿಯರು ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸವೇ ಆಗಿದೆ. ಆ ಅಜ್ಜಿಯರನ್ನು ಸಂಗ್ರಾಹಕರೆಂದು ಯಾರೂ ಕರೆಯಲಿಲ್ಲ. ಅವರ ಸಂಗ್ರಹಗಳ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದುದು ಈ ಕೊರತೆಯೇ.

ಮೊದಲಿಗೆ, ಕನ್ನಡ ಈ ಸೀಮೆಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಕೊಂಗುನಾಡಿನ ಬಹುಭಾಗ ಮೈಸೂರಿನ ಆಳ್ವಿಕೆಗೆ ಸೇರಿತ್ತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಅದು ಕಂಪನಿ ಸರ್ಕಾರದ ಪಾಲಾಯಿತು. ಆ ಮೇಲೂ ಕೊಳ್ಳೇಗಾಲ ತಾಲ್ಲೂಕು ಕೋಯಮತ್ತೂರು ಜಿಲ್ಲೆಯಲ್ಲಿಯೇ ಉಳಿದು, 1956ರ ನವೆಂಬರ್ 1ರಂದು ಮಾತ್ರ ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಕೊಳ್ಳೇಗಾಲದವರ ಜಿಲ್ಲಾ ಕಚೇರಿ ಇದ್ದುದು ಕೊಂಗುನಾಡಿನಲ್ಲಿ. ಇದಕ್ಕೂ ಹಿಂದಿನಿಂದ ಇಲ್ಲಿ ನೆಲೆಸಿದ ದೇವಾಂಗ ನೇಕಾರರು, ಒಕ್ಕಲುತನದ ಕುಟುಂಬಗಳು, ನಂತರ ಗಿರಣಿ, ಬ್ಯಾಂಕು, ರೈಲ್ವೆ, ವಾಯುಪಡೆಯ ಉದ್ಯೋಗಗಳಿಗಾಗಿ ಬಂದವರು, ಎಲ್ಲರೂ ಮನೆಯೊಳಗೆ ಒಂದೊಂದು ಬಗೆಯ ಕನ್ನಡವನ್ನು ಇಟ್ಟುಕೊಂಡವರು. ಹಲವರಿಗೆ ಕನ್ನಡ ಲಿಪಿ ಬಾರದು. ಆದರೂ ಹಬ್ಬದ ಮಾತು ಕನ್ನಡದ್ದೇ.

ಈ ಎಲ್ಲ ಮನೆಗಳಲ್ಲಿಯೂ ಗೊಂಬೆ ಕೂರಿಸುವ ಪದ್ಧತಿಯಿದೆಯೆಂದು ಯಾರೂ ತಿಳಿಯಬಾರದು. ದೇವಾಂಗ ಸಮುದಾಯದಲ್ಲಿ ದಸರೆಯೆಂದರೆ ಮೊದಲು ನೆನಪಾಗುವುದು ರಾಮಲಿಂಗ ಚೌಡೇಶ್ವರಿಯ ಉತ್ಸವ. ವಿಜಯದಶಮಿಯಂದು ಕೋಯಮತ್ತೂರಿನ ಬೀದಿಗಳಲ್ಲಿ ತರುಣರು ಮೈಮೇಲೆ ಕತ್ತಿಯನ್ನು ಹಾಕಿಕೊಳ್ಳುತ್ತ ದೇವಿಯನ್ನು ಕರೆದೊಯ್ಯುವ ದೃಶ್ಯವನ್ನು ಕಂಡವರು ಮರೆಯಲಾರರು. ಗೊಂಬೆ ಕೂರಿಸುವುದು ಹೆಚ್ಚಾಗಿ ಮೈಸೂರು ಕಡೆಯಿಂದ ಬಂದ ಮನೆಗಳ ರೂಢಿ. ಆದರೆ ನೆರೆಹೊರೆಯ ತಮಿಳು ಮನೆಗಳಲ್ಲಿಯೂ 'ಕೊಲು' ಇರುವುದರಿಂದ ಕಾಲಕ್ರಮದಲ್ಲಿ ಒಬ್ಬರದು ಇನ್ನೊಬ್ಬರಿಗೆ ತಾಗಿ, ಮೊದಲು ಈ ರೂಢಿಯಿಲ್ಲದ ಮನೆಗಳೂ ಮಕ್ಕಳ ಆಸೆಗಾಗಿ ಮೂರು ಮೆಟ್ಟಿಲನ್ನಾದರೂ ಕಟ್ಟತೊಡಗಿದವು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ವಿಜಯನಗರದ ಮಹಾನವಮಿಯ ಮುಂದುವರಿಕೆ ಅದು. ಹಂಪಿಯ ಮಹಾನವಮಿ ದಿಬ್ಬದ ಸುತ್ತ ಕೆತ್ತಿರುವ ಆನೆ, ಕುದುರೆ, ಮಲ್ಲರು, ನರ್ತಕಿಯರ ಸಾಲುಗಳನ್ನು ನೋಡಿದಾಗಲೆಲ್ಲ ಇದು ಕಲ್ಲಿನಲ್ಲಿ ಕೂರಿಸಿದ ಗೊಂಬೆ ಹಬ್ಬವೇ ಎಂದು ನಮಗೆ ಅನ್ನಿಸುತ್ತದೆ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲಿ 19ನೆಯ ಮತ್ತು 20ನೆಯ ಶತಮಾನದ ಆರಂಭದ ಗೊಂಬೆಗಳನ್ನು ಇಂದಿಗೂ ನೋಡಬಹುದು. ಮನೆಗಳಲ್ಲಿ ಅದರ ಚಿಕ್ಕ ರೂಪ: ಬೆಸ ಸಂಖ್ಯೆಯ ಮೆಟ್ಟಿಲು, ಅವುಗಳ ಮೇಲೆ ಬಿಳಿಯ ಬಟ್ಟೆ, ಎಲ್ಲಕ್ಕೂ ಮೇಲೆ ಕಳಶ ಮತ್ತು ಪಟ್ಟದ ಗೊಂಬೆ.

ಪಟ್ಟದ ಗೊಂಬೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ. ಇದು ರಾಜ ರಾಣಿಯರ ಜೋಡಿ. ರಕ್ತಚಂದನದಲ್ಲಿ ಅಥವಾ ಬೇರೆ ಗಟ್ಟಿ ಮರದಲ್ಲಿ ಕೆತ್ತಿದ್ದು. ಇದನ್ನೇ ತಮಿಳರು 'ಮರಪಾಚಿ' ಎನ್ನುವರು. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಡುವ ಗೊಂಬೆ ಇದು. ಮುಖದಲ್ಲಿ ಮೂಗು, ಕಣ್ಣುಗಳ ಗುರುತಷ್ಟೇ ಇರುತ್ತದೆ, ಕೈಗಳು ಮೈಗೆ ಅಂಟಿಕೊಂಡಿರುತ್ತವೆ, ಬಣ್ಣವೂ ಅಷ್ಟಕ್ಕಷ್ಟೆ. ಅಂಗಡಿಯಿಂದ ತಂದ ಸ್ಥಿತಿಯಲ್ಲಿ ಅದು ಇನ್ನೂ ಗೊಂಬೆಯೇ ಅಲ್ಲವೆನ್ನಬಹುದು. ಮನೆಯ ಹೆಂಗಸರು ಅದಕ್ಕೆ ಸೀರೆ ಉಡಿಸಿ, ಪಂಚೆ ನೆರಿಗೆ ಹಿಡಿದು, ಜರಿಯ ಚೂರಿನಿಂದ ಪೇಟ ಸುತ್ತಿ, ಮಣಿಯ ಸರ ಪೋಣಿಸಿ, ಕಾಡಿಗೆಯಿಂದ ಕಣ್ಣು ತಿದ್ದಿದ ಮೇಲೆಯೇ ಅದು ರಾಜನೂ ರಾಣಿಯೂ ಆಗುವುದು. ಈ ವರ್ಷ ರಾಜ ರಾಣಿಯರಾದವರು ಮುಂದಿನ ವರ್ಷ ಶ್ರೀನಿವಾಸ ಪದ್ಮಾವತಿಯರಾಗಬಹುದು. ಒಂದೇ ಮೈ, ಹಲವು ವೇಷ.

1966ರಲ್ಲಿ ಅಮೆರಿಕದ ಐಡಿಯಲ್ ಎಂಬ ಆಟಿಕೆ ಕಂಪನಿಯು 'ಕ್ಯಾಪ್ಟನ್ ಆಕ್ಷನ್' ಎಂಬ ಒಂದು ಪ್ರತಿಕೃತಿಯನ್ನು ತಂದಿತು. ಅದರ ವಿಶೇಷವೆಂದರೆ ವೇಷಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗಿದ್ದುದು: ಒಂದು ವೇಷ ತೊಡಿಸಿದರೆ ಸೂಪರ್‌ಮ್ಯಾನ್, ಇನ್ನೊಂದು ತೊಡಿಸಿದರೆ ಬ್ಯಾಟ್‌ಮ್ಯಾನ್, ಮತ್ತೊಂದು ತೊಡಿಸಿದರೆ ನಮ್ಮ ಓದುಗರಿಗೂ ಬಲು ಪರಿಚಿತನಾದ ಫ್ಯಾಂಟಮ್. 1972ರಲ್ಲಿ ಮೀಗೊ ಎಂಬ ಇನ್ನೊಂದು ಕಂಪನಿಯು 8 ಅಂಗುಲದ ಸೂಪರ್‌ಹೀರೋಗಳ ಸಾಲನ್ನು ತಂದಾಗಲೂ ತಂತ್ರ ಇದೇ: ಮೈ ಸಮಾನ, ತಲೆ ಮತ್ತು ಬಟ್ಟೆ ಬೇರೆ. ಬಟ್ಟೆ ತೊಡಿಸುವ ಸೂಪರ್‌ಹೀರೋ ಗೊಂಬೆಗಳ ಇತಿಹಾಸವನ್ನು ಬರೆಯುವವರು ಈ ಎರಡನ್ನೂ ದೊಡ್ಡ ಮೈಲಿಗಲ್ಲುಗಳೆಂದು ಎಣಿಸುತ್ತಾರೆ. ಎಣಿಸಲಿ. ಪಟ್ಟದ ಗೊಂಬೆಗೆ ವೇಷ ಕಟ್ಟಿದ ನಮ್ಮ ಮುತ್ತಜ್ಜಿಯರಿಗೆ ಈ ತಂತ್ರದಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ವೇಷವನ್ನು ದುಡ್ಡು ಕೊಟ್ಟು ಕೊಳ್ಳುವುದು ಮಾತ್ರ ಸೋಜಿಗವೆನಿಸುತ್ತಿತ್ತು.

ಇಲ್ಲಿ ಸೂಲೂರು ಸೀಮೆಯ ಒಂದು ಅನುಕೂಲವನ್ನು ಹೇಳದಿರಲಾಗದು. ಪಕ್ಕದ ಸೋಮನೂರಿನಲ್ಲಿ ವಿದ್ಯುತ್ ಮಗ್ಗಗಳು, ಪೂರ್ವಕ್ಕೆ ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಯ ಕಾರ್ಖಾನೆಗಳು, ಹಲವು ಕನ್ನಡ ಮನೆಗಳಲ್ಲಿ ಕೈಮಗ್ಗದ ನೆನಪು. ಬಟ್ಟೆಯ ಚೂರಿಗೆ ಇಲ್ಲಿ ಎಂದೂ ಬರವಿಲ್ಲ. ಸೀರೆಯ ಸೆರಗಿನಿಂದ ಉಳಿದ ಅಂಗೈ ಅಗಲದ ಜರಿ ರಾಣಿಯ ರವಿಕೆಯಾಗುತ್ತಿತ್ತು. ಇಂದು ಆಕ್ಷನ್ ಫಿಗರ್‌ಗಳಿಗೆ ಬಟ್ಟೆ ಹೊಲಿಯುವ ತರುಣರು ತಿರುಪ್ಪೂರಿನ ಹೆಣಿಗೆ ಬಟ್ಟೆಯ ಚೂರನ್ನೇ ಮೆಚ್ಚುತ್ತಾರೆ, ಏಕೆಂದರೆ ಅದು ಹಿಗ್ಗುತ್ತದೆ, ಸ್ಪೈಡರ್‌ಮ್ಯಾನನ ಮೈಗೆ ಸುಕ್ಕಿಲ್ಲದೆ ಕೂರುತ್ತದೆ. ನೇಯ್ದ ಬಟ್ಟೆಯಲ್ಲಿ ಬ್ಯಾಟ್‌ಮ್ಯಾನನ ಮೇಲುಹೊದಿಕೆ ಚೆನ್ನಾಗಿ ಇಳಿಬೀಳುತ್ತದೆಂದು ಅವರು ಹೇಳುವುದನ್ನು ಕೇಳಿದಾಗ, ಯಾವ ಬಟ್ಟೆಗೆ ನೆರಿಗೆ ನಿಲ್ಲುತ್ತದೆ, ಯಾವುದಕ್ಕೆ ನಿಲ್ಲದು ಎಂದು ಚರ್ಚಿಸುತ್ತಿದ್ದ ಹಿಂದಿನ ಹೆಂಗಸರ ಧ್ವನಿಯೇ ನಮ್ಮ ಕಿವಿಗೆ ಬೀಳುತ್ತದೆ.

ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲುಗಳದು ಬೇರೆಯೇ ಲೋಕ. ದಶಾವತಾರ, ರಾಮ ಪಟ್ಟಾಭಿಷೇಕ, ಅಂಬಾರಿ ಹೊತ್ತ ಆನೆ, ಸಿಪಾಯಿಗಳ ಸಾಲು, ಶೆಟ್ಟಿ ಶೆಟ್ಟಿಯಮ್ಮನ ಅಂಗಡಿ. ಪ್ರತಿವರ್ಷವೂ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬುದು ನಿಯಮ. ಸಂಗ್ರಹ ಬೆಳೆದ ಗುಟ್ಟು ಇದೇ. ಕೊಂಗುನಾಡಿನ ಕನ್ನಡ ಮನೆಗಳ ಮೆಟ್ಟಿಲುಗಳಲ್ಲಿ ಎರಡು ನಾಡುಗಳ ಕುಶಲಕರ್ಮಿಗಳು ಒಟ್ಟಿಗೆ ಕುಳಿತಿರುತ್ತಾರೆ: ಪನ್ರುಟ್ಟಿಯ ಮಣ್ಣು ಮತ್ತು ಕಾಗದದ ಗೊಂಬೆ, ತಂಜಾವೂರಿನ ತಲೆಯಾಡಿಸುವ ಗೊಂಬೆ, ಚನ್ನಪಟ್ಟಣದ ಹಾಲೆ ಮರದ ಅರಗಿನ ಗೊಂಬೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಇಲ್ಲಿಗೆ ಬಂದುದು ಅಪರೂಪ. ಆದರೆ ಅಲ್ಲಿನ ಚಿತ್ರಗಾರರ ವಿಧಾನ ನಮ್ಮ ವಿಷಯಕ್ಕೆ ತುಂಬ ಹತ್ತಿರವಾದದ್ದು. ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಿಸೆ ಬೀಜದ ಅಂಟನ್ನು ಅರೆದು ಮಾಡಿದ 'ಕಿಟ್ಟ'ದಿಂದ ಸಂದುಗಳನ್ನು ಮುಚ್ಚಿ, ನುಣುಪುಗೊಳಿಸಿ, ಬೆಣಚುಕಲ್ಲಿನ ಪುಡಿಯ ಸರಿಯಿಂದ ಒಡವೆಗಳನ್ನು ಉಬ್ಬಿಸಿ, ಕಡೆಗೆ ಬಣ್ಣ ಹಚ್ಚುವರು. ಇಂದು ಆಕ್ಷನ್ ಫಿಗರನ್ನು ತನಗೆ ಬೇಕಾದಂತೆ ಮಾರ್ಪಡಿಸುವವನೂ ಇದೇ ಕ್ರಮವನ್ನು ಅನುಸರಿಸುತ್ತಾನೆ. ಕಿಟ್ಟದ ಬದಲು ಎರಡು ಬಣ್ಣದ ಎಪಾಕ್ಸಿ ಕಣಕ, ಬೆಣಚುಕಲ್ಲಿನ ಸರಿಯ ಬದಲು ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಬಣ್ಣದ ತೆಳುವಾದ ನಾಲ್ಕೈದು ಲೇಪ. ಒಮ್ಮೆಗೇ ದಪ್ಪನಾಗಿ ಬಳಿದರೆ ಮುಖದ ಗೆರೆಗಳು ಮುಚ್ಚಿಹೋಗುತ್ತವೆಂಬ ಎಚ್ಚರಿಕೆ ಇಬ್ಬರಿಗೂ ಸಮಾನ.

ವೀರರ ಗೊಂಬೆಗಳಿಗೆ ಕೀಲುಗಳು ಬಂದುದು ಸಹ ಅಮೆರಿಕದಿಂದಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತ್ ಮನೆತನದವರು ಆಡಿಸುವ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ನೋಡಿದವರಿಗೆ ಇದು ಗೊತ್ತು. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವು ಅದೇ ಕಲೆಯನ್ನು ಗಡಿನಾಡಿನಲ್ಲಿದ್ದುಕೊಂಡೇ ಹೊರದೇಶಗಳವರೆಗೆ ಒಯ್ದಿದೆ. ಕಿರೀಟ, ಭುಜಕೀರ್ತಿ, ಎದೆಪದಕಗಳೊಂದಿಗೆ ಪೂರ್ಣ ವೇಷ ತೊಟ್ಟ ಆ ಗೊಂಬೆಗಳು ಮೊಣಕೈ ಮಡಿಸಿ ಬಾಣ ಹೂಡುತ್ತವೆ, ಗದೆ ತಿರುಗಿಸುತ್ತವೆ. ಗಡಿಯಾಚೆಯ ಕನ್ನಡಿಗರೆಂಬ ನೆಲೆಯಿಂದ ಕಾಸರಗೋಡಿನವರ ಈ ಸಾಧನೆಯ ಬಗ್ಗೆ ನಮಗೆ ಹೆಮ್ಮೆಯೂ ಇದೆ, ಸಣ್ಣ ಅಸೂಯೆಯೂ ಇದೆ.

ಗೊಂಬೆಗೂ ಕನ್ನಡಿಗರ ವೀರ ಕಲ್ಪನೆಗೂ ಇರುವ ನಂಟನ್ನು ಹೇಳುವಾಗ 1971ರ 'ಕಸ್ತೂರಿ ನಿವಾಸ'ವನ್ನು ಬಿಡಲಾದೀತೆ? ಆ ಚಿತ್ರದಲ್ಲಿ ರಾಜಕುಮಾರರ ಕೈಯಲ್ಲಿದ್ದುದು ತಳ್ಳಿದರೂ ಬೀಳದೆ ಎದ್ದು ನಿಲ್ಲುವ ಒಂದು ಗೊಂಬೆ. ಅದೇ ಕಥೆ 1975ರಲ್ಲಿ ತಮಿಳಿನಲ್ಲಿ 'ಅವನ್ ದಾನ್ ಮನಿದನ್' ಎಂದಾಗಿ, ಶಿವಾಜಿ ಗಣೇಶನ್ ನಾಯಕರಾದರು. ಈ ಎರಡನ್ನೂ ಹೋಲಿಸಿ ರಾತ್ರಿಯಿಡೀ ವಾದ ಮಾಡಬಲ್ಲ ಹಿರಿಯರು ನಮ್ಮ ಸಂಘದಲ್ಲಿದ್ದಾರೆ. ಆ ವಾದಕ್ಕೆ ಇಲ್ಲಿ ಇಳಿಯುವುದು ಕ್ಷೇಮಕರವಲ್ಲ.

ಪರದೇಶದ ವೀರರು ಮೊದಲು ನಮ್ಮಲ್ಲಿಗೆ ಬಂದುದು ಕಾಗದದ ಮೇಲೆ. 1964ರಿಂದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮನನ್ನು ಭಾರತದ ಮನೆಮನೆಗೆ ತಲುಪಿಸಿತು. ಅದಕ್ಕೆ ಉತ್ತರವೆಂಬಂತೆ 1967ರಲ್ಲಿ ಅಮರ ಚಿತ್ರ ಕಥೆಯನ್ನು ಕಟ್ಟಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ 'ಕೃಷ್ಣ' ಸಂಚಿಕೆಗೆ 11ನೆಯ ಸಂಖ್ಯೆ ಬಂದದ್ದೇಕೆಂದು ಕೇಳಿದರೆ ಉತ್ತರ ಕನ್ನಡದಲ್ಲಿಯೇ ಇದೆ: ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ಆವೃತ್ತಿಗಳು, ಬೆಂಗಳೂರಿನ ಪ್ರಯತ್ನದ ಫಲ. ಇದನ್ನು ನಮ್ಮ ಮಕ್ಕಳಿಗೆ ಹೇಳಿದಾಗ ಅವರು ನಂಬುವುದು ಕಷ್ಟ.

ನಂತರ ದೂರದರ್ಶನ. 1987ರಲ್ಲಿ ರಾಮಾಯಣ, 1988ರಲ್ಲಿ ಮಹಾಭಾರತ ಆರಂಭವಾದವು. ಬೀದಿಯಲ್ಲಿ ರಟ್ಟಿನ ಗದೆ, ಬಿದಿರಿನ ಬಿಲ್ಲು ಮಾರುವವರು ಕಂಡರು. ಆ ಕಾಲಕ್ಕೇ ಹೀ-ಮ್ಯಾನ್ ಮತ್ತು ಸ್ಪೈಡರ್‌ಮ್ಯಾನರ ವ್ಯಂಗ್ಯಚಿತ್ರ ಮಾಲಿಕೆಗಳೂ ಬಂದವು. ಮ್ಯಾಟೆಲ್ ಕಂಪನಿ 1982ರಲ್ಲಿ ಸೃಷ್ಟಿಸಿದ ಹೀ-ಮ್ಯಾನನು ಭಾರತದಲ್ಲಿ ಲಿಯೊ ಎಂಬ ಹೆಸರಿನ ಆಟಿಕೆಗಳ ಸಾಲಿನಲ್ಲಿ ಮಾರಾಟವಾದನು. 1987ರಲ್ಲಿ ಎಂ.ಆರ್.ಎಫ್. ಸಮೂಹದ ಫನ್‌ಸ್ಕೂಲ್ ಸ್ಥಾಪನೆಯಾಗಿ, ಹ್ಯಾಸ್ಬ್ರೊದವರ ಸಹಯೋಗದಿಂದ ಜಿ.ಐ. ಜೋ ಗೊಂಬೆಗಳು ಭಾರತದಲ್ಲಿಯೇ ತಯಾರಾದವು. ಅಷ್ಟು ಹೊತ್ತಿಗೆ ಜಿ.ಐ. ಜೋ 12 ಅಂಗುಲದಿಂದ ಮೂರೂಮುಕ್ಕಾಲು ಅಂಗುಲಕ್ಕೆ ಇಳಿದಿದ್ದನು. ಫನ್‌ಸ್ಕೂಲಿನವರು ಕೆಲವು ಗೊಂಬೆಗಳಿಗೆ ಅಮೆರಿಕದಲ್ಲಿಲ್ಲದ ಬಣ್ಣಗಳನ್ನು ಕೊಟ್ಟರು. ಒಬ್ಬನ ತಲೆಯನ್ನು ಇನ್ನೊಬ್ಬನ ಮೈಗೆ ಸೇರಿಸಿದಂತಹ ಬೆಸುಗೆಗಳೂ ಬಂದವು. ಇಂದು ಹೊರದೇಶದ ಸಂಗ್ರಾಹಕರು ಅರಸುವುದು ಇಂಥ ಭಾರತೀಯ ಗೊಂಬೆಗಳನ್ನೇ! ಎಂಬತ್ತು, ತೊಂಬತ್ತರ ದಶಕದಲ್ಲಿ ಮಗ ಆಡಿ ಬಿಸುಟಿದ್ದನ್ನು ಗೊಂಬೆ ಪೆಟ್ಟಿಗೆಯ ತಳದಲ್ಲಿ ಎತ್ತಿಟ್ಟ ತಾಯಂದಿರು ಎಷ್ಟೋ ಮಂದಿ. 1997ರಲ್ಲಿ ಶಕ್ತಿಮಾನ್ ಬಂದಾಗ ಮೆಟ್ಟಿಲಿನ ಕೆಳಸಾಲಿನಲ್ಲಿ ದೇಶೀಯ ಸೂಪರ್‌ಹೀರೋಗೂ ಜಾಗ ಸಿದ್ಧವಾಗಿತ್ತು.

ಆ ಪುಟ್ಟ ಜಿ.ಐ. ಜೋ ಗೊಂಬೆಗಳ ರಚನೆಯ ಬಗ್ಗೆ ಎರಡು ಮಾತು. ಬೆನ್ನಿನಲ್ಲಿ ಒಂದೇ ತಿರುಪು ಮೊಳೆ. ಅದನ್ನು ಬಿಚ್ಚಿದರೆ ಎದೆ ಎರಡು ಹೋಳಾಗಿ, ತಲೆ, ಕೈಗಳು ಬಿಡುಗಡೆಯಾಗುತ್ತವೆ. ಸೊಂಟವನ್ನೂ ಕಾಲುಗಳನ್ನೂ ಮೈಗೆ ಬಿಗಿದಿರುವುದು ಒಂದು ಚಿಕ್ಕ ರಬ್ಬರ್ ಬಳೆ, 'ಓ-ರಿಂಗ್'. ಆದ್ದರಿಂದಲೇ ಒಬ್ಬನ ಕೈಯನ್ನು ಇನ್ನೊಬ್ಬನಿಗೆ ಜೋಡಿಸುವುದು ಸುಲಭವಾಯಿತು, ಮಾರ್ಪಡಿಸುವ ಹವ್ಯಾಸ ಲೋಕಾದ್ಯಂತ ಹಬ್ಬಿತು. ಆದರೆ ರಬ್ಬರಿಗೆ ಆಯುಸ್ಸು ಕಡಿಮೆ. ಮೂವತ್ತು ವರ್ಷ ಕಳೆದ ಮೇಲೆ ಪೆಟ್ಟಿಗೆ ತೆಗೆದರೆ ಬಳೆ ಹರಿದು, ವೀರನು ನಡು ಮುರಿದು ಬಿದ್ದಿರುತ್ತಾನೆ. ಅನ್ಯ ದೇಶದವರು ಆ ಬಳೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವರೆಂದು ಕೇಳಿದ್ದೇವೆ. ನಮಗೆ ಆ ತೊಂದರೆಯಿಲ್ಲ. ಕೋಯಮತ್ತೂರು ಪಂಪು ಮೋಟಾರುಗಳ ಊರು. ಬಿಡಿಭಾಗಗಳ ಯಾವ ಅಂಗಡಿಗೆ ಹೋದರೂ ಎಲ್ಲ ಅಳತೆಯ ರಬ್ಬರ್ ಬಳೆಗಳು ದೊರೆಯುತ್ತವೆ. ಗೊಂಬೆಯನ್ನೇ ಅಂಗಡಿಗೆ ಒಯ್ದು, ಗಲ್ಲಾದ ಮೇಲಿಟ್ಟು, ಅಳತೆ ನೋಡಿ ಕೊಂಡುಬರುವವರನ್ನು ನಾವು ಬಲ್ಲೆವು. ಆಯುಧಪೂಜೆಯ ದಿನ ಇಂಥವರ ಮನೆಯಲ್ಲಿ ಕುಂಚ, ಉಪ್ಪುಕಾಗದ, ಪುಟ್ಟ ಸ್ಕ್ರೂ ಡ್ರೈವರುಗಳಿಗೂ ಕುಂಕುಮ ಬೀಳುತ್ತದೆ.

ಸೂಲೂರಿಗೇ ವಿಶಿಷ್ಟವಾದ ಇನ್ನೊಂದು ಸಂಗತಿಯುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ನೌಕಾಪಡೆ ಬಳಸಿದ ಇಲ್ಲಿನ ವಿಮಾನ ನೆಲೆ ಸ್ವಾತಂತ್ರ್ಯಾನಂತರ ಭಾರತೀಯ ವಾಯುಪಡೆಯದಾಯಿತು. ತೇಜಸ್ ವಿಮಾನಗಳ ಮೊದಲ ದಳ, 45ನೆಯ ಸ್ಕ್ವಾಡ್ರನ್, 2018ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದಿತು. 2020ರಲ್ಲಿ 18ನೆಯ ಸ್ಕ್ವಾಡ್ರನ್ ಸೇರಿತು. ನವಿಲಿನ ಬಣ್ಣ ತೊಟ್ಟು ಹಾರುವ 'ಸಾರಂಗ್' ಹೆಲಿಕಾಪ್ಟರ್ ತಂಡದ ನೆಲೆಯೂ ಇದೇ. ತೇಜಸ್ ಮತ್ತು ಧ್ರುವ ಎರಡೂ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯವು, ಕನ್ನಡ ನಾಡಿನಲ್ಲಿ ಹುಟ್ಟಿ ಸೂಲೂರಿನಲ್ಲಿ ಸಂಸಾರ ಹೂಡಿದವು ಎಂದು ನಮ್ಮವರು ತಮಾಷೆ ಮಾಡುವುದುಂಟು. ಮೆಟ್ಟಿಲಿನ ಮುಂದೆ ರಾಗಿ ಪೈರು ಬೆಳೆಸಿ ಮಾಡುವ ಉದ್ಯಾನದಲ್ಲಿ ಬೇರೆ ಊರಿನವರು ಕೊಳ, ಗುಡ್ಡ, ಮೃಗಾಲಯ ಮಾಡಿದರೆ, ಇಲ್ಲಿನ ಮಕ್ಕಳು ಓಡುದಾರಿಯನ್ನು ಮಾಡಿ ವಿಮಾನಗಳನ್ನು ನಿಲ್ಲಿಸುತ್ತಾರೆ. ಅದರ ಕಾವಲಿಗೆ ಐರನ್‌ಮ್ಯಾನ್.

ಇದಕ್ಕೆ ಹಿರಿಯರ ಆಕ್ಷೇಪ ಇರಲಿಲ್ಲವೇ? ಇತ್ತು, ಇಂದಿಗೂ ಇದೆ. ದೇವರ ಸಾಲಿನಲ್ಲಿ ಪರದೇಶದ ಬೊಂಬೆ ಏಕೆಂದು ಕೇಳುವವರಿದ್ದಾರೆ. ಆದರೆ ಮೆಟ್ಟಿಲುಗಳ ಕ್ರಮದಲ್ಲಿಯೇ ಇದಕ್ಕೆ ಉತ್ತರವಿದೆ. ಮೇಲೆ ಕಳಶ, ಪಟ್ಟದ ಗೊಂಬೆ, ಅದರ ಕೆಳಗೆ ದೇವತೆಗಳು, ಆಮೇಲೆ ಸಂತರು, ರಾಜರು, ಕಡೆಗೆ ಸಂತೆ, ಮದುವೆ, ಶಾಲೆ, ಪೊಲೀಸ್, ರೈಲು. ಕೆಳಗಿನ ಮೆಟ್ಟಿಲು ಯಾವಾಗಲೂ ಆಯಾ ಕಾಲದ ಲೋಕಕ್ಕೆ ಮೀಸಲು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಟೋಪಿ ಹಾಕಿದ ಬಿಳಿಯ ದೊರೆ ನಿಲ್ಲುತ್ತಿದ್ದನು. ಆ ದೊರೆಯನ್ನು ಸಹಿಸಿದ ಮೆಟ್ಟಿಲು ಸ್ಪೈಡರ್‌ಮ್ಯಾನನನ್ನು ಸಹಿಸದಿರಲು ಕಾರಣ ನಮಗೆ ಕಾಣುವುದಿಲ್ಲ.

ನಮ್ಮ ಚಿಂತೆ ಬೇರೆಡೆಗಿದೆ. ಮೊದಲನೆಯದು ಕಥೆ. ಸಂಜೆ ನೆರೆಯ ಮಕ್ಕಳು ಬಂದಾಗ ಆರತಿಯಾಗಿ, ಗೊಂಬೆ ಬಾಗಿನವೆಂದು ತಿಂಡಿ ಹಂಚುವ ಮೊದಲು ಮನೆಯ ಮಗು ಒಂದೊಂದು ಗೊಂಬೆಯ ಕಥೆಯನ್ನು ಹೇಳಬೇಕು. ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳು ವರ್ಷದಲ್ಲಿ ನಾಲ್ಕು ಜನರ ಮುಂದೆ ಕನ್ನಡದಲ್ಲಿ ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಸಂದರ್ಭ ಇದೊಂದೇ. ಗಜೇಂದ್ರ ಮೋಕ್ಷವನ್ನು ಕನ್ನಡದಲ್ಲಿ ಹೇಳುವ ಮಗುವೇ ಐರನ್‌ಮ್ಯಾನನ ಬಳಿಗೆ ಬಂದೊಡನೆ ಇಂಗ್ಲಿಷಿಗೆ ಹೊರಳುತ್ತದೆ. ಅದಕ್ಕೆ ಮಗುವನ್ನು ದೂರಲಾಗದು. ಆ ಕಥೆ ಅದಕ್ಕೆ ಬಂದುದೇ ಇಂಗ್ಲಿಷಿನಲ್ಲಿ. ಎರಡು ಮೂರು ಮನೆಗಳಲ್ಲಿ ಅಜ್ಜಿಯರು ಐರನ್‌ಮ್ಯಾನನ ಕಥೆಯನ್ನು ಮೊಮ್ಮಕ್ಕಳಿಂದ ಕೇಳಿ ತಿಳಿದು, ಅದನ್ನು ಕನ್ನಡದಲ್ಲಿ ಮರಳಿ ಹೇಳಿಕೊಟ್ಟಿದ್ದಾರೆ. ಎದೆಯಲ್ಲಿ ದೀಪ ಇಟ್ಟುಕೊಂಡ ಕಮ್ಮಾರನ ಕಥೆಯಾಗಿ ಅದು ಬಂದ ಬಗೆ ಮೂಲಕ್ಕಿಂತ ನಮಗೆ ಹೆಚ್ಚು ಹಿಡಿಸಿತು.

ಎರಡನೆಯದು ಪೆಟ್ಟಿಗೆ. ಹವ್ಯಾಸಿ ಸಂಗ್ರಾಹಕರ ಲೋಕದಲ್ಲಿ ಒಂದು ವಿಚಿತ್ರ ನಂಬಿಕೆಯಿದೆ: ತಯಾರಕರ ಪೊಟ್ಟಣವನ್ನು ಒಡೆಯದೆ ಇಟ್ಟ ಗೊಂಬೆಗೇ ಬೆಲೆ ಹೆಚ್ಚು. ಪ್ಲಾಸ್ಟಿಕ್ಕಿನ ಹಿಂದೆ ಆಯುಷ್ಯವೆಲ್ಲ ಕಳೆಯುವ, ಯಾರ ಕೈಯೂ ಮುಟ್ಟದ ಗೊಂಬೆ. ನಮ್ಮ ಮನೆಗಳ ಗೊಂಬೆಯೂ ವರ್ಷದ ಬಹುಪಾಲು ಕಬ್ಬಿಣದ ಟ್ರಂಕಿನಲ್ಲಿಯೇ ಇರುತ್ತದೆ, ನಿಜ. ಆದರೆ ಒಂಬತ್ತು ಹತ್ತು ದಿನ ಹೊರಬರುತ್ತದೆ, ಅಷ್ಟರಲ್ಲಿ ಮೂಗು ಸವೆಯುತ್ತದೆ, ಬೆರಳು ಮುರಿಯುತ್ತದೆ, ಯಾರೋ ಅದನ್ನು ಸರಿಪಡಿಸುತ್ತಾರೆ. ವಿಜಯದಶಮಿಯ ರಾತ್ರಿ ಒಂದನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಪಂಚೆಯಲ್ಲಿ, ಪತ್ರಿಕೆಯಲ್ಲಿ ಸುತ್ತಿಡುತ್ತಾರೆ. ಬೆಲೆಯ ಲೆಕ್ಕ ಹಾಕುವವರು ಏನೇ ಹೇಳಲಿ, ನಾವು ಟ್ರಂಕಿನ ಪರ.

ಆದರೆ ಒಂದು ವಿಷಯದಲ್ಲಿ ಹುಡುಗರು ಮುಂದಿದ್ದಾರೆಂದು ಒಪ್ಪಬೇಕು. ತಮ್ಮ ಬಳಿಯಿರುವ ಪ್ರತಿಯೊಂದು ಫಿಗರಿನ ತಯಾರಕರು ಯಾರು, ಯಾವ ವರ್ಷದ್ದು, ಜೊತೆಗೆ ಬಂದ ಆಯುಧಗಳೆಷ್ಟು, ಯಾವ ಭಾಗ ಮೂಲದ್ದು, ಯಾವುದು ತಾವು ಬದಲಿಸಿದ್ದು ಎಂಬುದನ್ನು ಅವರು ಪಟ್ಟಿ ಮಾಡಿಡುತ್ತಾರೆ. ಅಜ್ಜಿಯ ಪಟ್ಟದ ಗೊಂಬೆ ಯಾವ ವರ್ಷ, ಯಾವ ಊರಿನಿಂದ ಬಂತೆಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರವಿಲ್ಲ. ಮಕ್ಕಳು ವಿದೇಶದಲ್ಲಿರುವ ಮನೆಗಳಲ್ಲಿ ಟ್ರಂಕು ಯಾರ ಪಾಲಿಗೆಂಬ ಪ್ರಶ್ನೆ ಬಂದಾಗ ಹಳೆಯ ಮರದ ಗೊಂಬೆಗಳು ಪ್ರಾಚೀನ ವಸ್ತುಗಳ ವ್ಯಾಪಾರಿಗಳ ಕೈಗೆ ಸೇರುತ್ತಿವೆ. ಜೋಡಿಯಲ್ಲಿ ಒಂದು ಗೊಂಬೆ ಒಂದೆಡೆ, ಇನ್ನೊಂದು ಇನ್ನೊಂದೆಡೆ ಹೋದುದನ್ನೂ ಕೇಳಿದ್ದೇವೆ.

ಗೊಂಬೆಯನ್ನು ಸುತ್ತಿದ ಕಾಗದವೇ ಒಂದು ದಾಖಲೆಯೆಂಬುದು ನಮಗೆ ಹೊಳೆದದ್ದು ಈಚೆಗೆ. ಒಂದು ಟ್ರಂಕನ್ನು ಬಿಚ್ಚಿದಾಗ ಮೇಲಿನ ಗೊಂಬೆಗಳು ತಮಿಳು ದಿನಪತ್ರಿಕೆಗಳಲ್ಲಿ, ಮಧ್ಯದವು ಇಂಗ್ಲಿಷಿನಲ್ಲಿ, ತಳದಲ್ಲಿ ಬಹುಕಾಲದಿಂದ ಬಿಚ್ಚದ ನಾಲ್ಕಾರು ಗೊಂಬೆಗಳು 'ಪ್ರಜಾವಾಣಿ' ಮತ್ತು 'ಸುಧಾ'ದ ಹಾಳೆಗಳಲ್ಲಿ ಇದ್ದವು. ಮನೆಯವರು ಕನ್ನಡ ಪತ್ರಿಕೆ ತರಿಸುವುದನ್ನು ನಿಲ್ಲಿಸಿದ ಕಾಲ ಯಾವುದೆಂದು ಆ ಹಾಳೆಗಳ ದಿನಾಂಕಗಳೇ ತಿಳಿಸಿದವು. ಆ ಮನೆಯ ಹಿರಿಯರು ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹುಡುಗರ ಪಟ್ಟಿ ಮಾಡುವ ಅಭ್ಯಾಸವನ್ನೂ ಅಜ್ಜಿಯರ ನೆನಪನ್ನೂ ಕೂಡಿಸಬೇಕೆಂಬ ಆಸೆಯಿಂದ ನಾವು ಕೆಲವರು ಮನೆಮನೆಗೆ ಹೋಗಿ ಗೊಂಬೆಗಳ ವಿವರವನ್ನು ಕನ್ನಡದಲ್ಲಿ ಬರೆದುಕೊಳ್ಳತೊಡಗಿದ್ದೇವೆ. ಗೊಂಬೆಯ ಹೆಸರು, ಬಂದ ಊರು, ಕೊಟ್ಟವರು, ದುರಸ್ತಿ ಮಾಡಿದವರು, ತೊಟ್ಟ ಬಟ್ಟೆ ಯಾವ ಸೀರೆಯದು, ಸುತ್ತಿದ ಕಾಗದದ ದಿನಾಂಕ, ಹೇಳುವ ಕಥೆ. ಜಿ.ಐ. ಜೋಗೂ ಇದೇ ಪ್ರಶ್ನೆಗಳು. ಈ ಕೆಲಸದ ನಡುವೆ, ಕೈ ಮುರಿದಿದ್ದ ಒಂದು ಪಟ್ಟದ ರಾಣಿಯನ್ನು ಆ ಮನೆಯ ಮೊಮ್ಮಗನು ಎಪಾಕ್ಸಿ ಕಣಕದಿಂದ ಸರಿಪಡಿಸಿದನು. ಹುಣಿಸೆ ಬೀಜದ ಅಂಟೇ ಆಗಬೇಕಿತ್ತೆಂದು ಒಬ್ಬರು, ಅದಕ್ಕೆ ಇರುವೆ ಬರುತ್ತದೆಂದು ಇನ್ನೊಬ್ಬರು ವಾದಿಸಿದರು. ಅವನು ಎರಡು ದಿನ ಒಣಗಿಸಿ, ಉಜ್ಜಿ, ಮರದ ಬಣ್ಣಕ್ಕೆ ಬಣ್ಣ ಕೂಡಿಸಿ ತಂದು ತೋರಿಸಿದಾಗ ಅಜ್ಜಿ ಬೆರಳಿನಿಂದ ಸಂದನ್ನು ಹುಡುಕಿದರು. ಸಿಗಲಿಲ್ಲ. ಅವನು ಅದನ್ನು ಹಾಗೆಯೇ ಕಳಶದ ಪಕ್ಕಕ್ಕೆ ಇಡಹೋದಾಗ, ಮೊದಲು ಸೀರೆ ಉಡಿಸೆಂದು ಹೇಳಿ, ನೆರಿಗೆ ಹಿಡಿಯುವುದನ್ನು ತೋರಿಸಿಕೊಡಲು ಕೆಳಗೆ ಕುಳಿತರು.